ಹುಟ್ಟೇ ಇಲ್ಲದ ಆಟಗಾರನಿಗೆ ಹಾಲ್ ಆಫ್ ಫೇಮ್: ಸಿಮ್ ಬೇಸ್‌ಬಾಲ್ ಲೀಗಲ್ಲಿ ಯಾರನ್ನ ಒಳಗೆ ಬಿಡೋದು?

ಹೋದ ತಿಂಗಳು ಒಂದಿನ ರಾತ್ರಿ ಹನ್ನೊಂದೂವರೆ ಆಗಿತ್ತು, ನಾನು 14 ಹೆಸರಿರೋ ಒಂದು ಪಟ್ಟಿ ಮುಂದಿಟ್ಕೊಂಡು ತಲೆ ಕೆರ್ಕೊಳ್ತಾ ಕೂತಿದ್ದೆ, ಮನೆಯವಳು ಬಂದು ಏನ್ರೀ ಅದು ಅಂದ್ಲು, ಹಾಲ್ ಆಫ್ ಫೇಮ್ ವೋಟಿಂಗು, ದಿಗ್ಗಜರ ಪಟ್ಟಿಗೆ ಯಾರನ್ನ ಸೇರಿಸೋದು ಅಂತ, ಅಂದೆ, ಯಾರಿವ್ರೆಲ್ಲಾ ಅಂದ್ಲು, ಬೇಸ್‌ಬಾಲ್ ಆಡೋರು ಅಂದೆ, ಎಲ್ಲಿ ಆಡ್ತಾರೆ ಅಂದ್ಲು. ಅಲ್ಲಿಗೆ ನನ್ನ ಬಾಯಿ ಕಟ್ಟೋಯ್ತು. ಇವ್ರು ಎಲ್ಲೂ ಆಡಲ್ಲ, ಇವ್ರು ಹುಟ್ಟೇ ಇಲ್ಲ. ಕಂಪ್ಯೂಟರ್ ಒಳಗೆ ಡ್ರಾಫ್ಟ್ ಆಗಿ (ಅಂದ್ರೆ ಟೀಮುಗಳು ಸರದಿ ಪ್ರಕಾರ ಹೊಸಬರನ್ನ ಆರಿಸ್ಕೊಳ್ಳೋದು), ಹದಿನೈದಿಪ್ಪತ್ತು ಸೀಸನ್ ಆಡಿ, ಮಂಡಿ ನೋವು ಮಾಡ್ಕೊಂಡು, ರಿಟೈರೂ ಆಗಿರೋ ಜನ. ಆ 14 ಹೆಸರಲ್ಲಿ 13ಕ್ಕೆ ನಾನು ವೋಟ್ ಹಾಕ್ಬಹುದಿತ್ತು, ಒಂದಕ್ಕೆ ಹಾಕೋ ಹಾಗಿರ್ಲಿಲ್ಲ. ಆ ಒಬ್ಬನ ಕಥೆಗೆ ಆಮೇಲೆ ಬರ್ತೀನಿ, ಮೊದ್ಲು ಈ ವ್ಯವಸ್ಥೆ ಏನು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಕೇಳಿದೋರೆಲ್ಲಾ ಇದೊಂದು ಹುಚ್ಚು ಅಂತಾರೆ. ಹುಚ್ಚೇ, ಒಪ್ಕೋತೀನಿ, ಆದ್ರೆ ಲೆಕ್ಕ ಇಟ್ಟು ಮಾಡೋ ಹುಚ್ಚು.

ಸಿಮ್ ಅಂದ್ರೆ ಮೊಬೈಲಿಗೆ ಹಾಕೋದಲ್ಲ, ಸಿಮ್ಯುಲೇಶನ್. ನಾವು ಸ್ಕೂಲಲ್ಲಿ ಬುಕ್ ಕ್ರಿಕೆಟ್ ಆಡ್ತಿದ್ವಲ್ಲ, ಸಮಾಜ ಪಾಠದ ಪುಸ್ತಕ ಪಟ್ ಅಂತ ತೆಗೆದು ಪೇಜ್ ನಂಬರಿನ ಕೊನೇ ಅಂಕಿ ನೋಡೋದು, 4 ಬಂದ್ರೆ ಫೋರು, 0 ಬಂದ್ರೆ ಔಟು, ಅದೇ ಇದರ ಬೇರು. ಬುಕ್ ಕ್ರಿಕೆಟಲ್ಲಿ ಒಂದು ದೊಡ್ಡ ಕೊರತೆ ಇತ್ತು, ಗವಾಸ್ಕರಿಗೂ ಹನ್ನೊಂದನೇ ನಂಬರ್ ಬ್ಯಾಟ್ಸ್‌ಮನ್‌ಗೂ ಒಂದೇ ಪುಸ್ತಕ, ಒಂದೇ ಅದೃಷ್ಟ. ಅಮೆರಿಕದಲ್ಲಿ ಇದನ್ನ ಸರಿ ಮಾಡಿದ್ರು. 1951ರಲ್ಲಿ ಎಪಿಬಿಎ ಅಂತ ಒಂದು ಆಟ ಬಂತು, 1961ರಲ್ಲಿ ಹ್ಯಾಲ್ ರಿಚ್‌ಮನ್ ಅನ್ನೋರು ಸ್ಟ್ರಾಟ್-ಓ-ಮ್ಯಾಟಿಕ್ ಮಾಡಿದ್ರು, ಅದರಲ್ಲಿ ಪ್ರತಿ ಆಟಗಾರನಿಗೂ ಅವನದೇ ಕಾರ್ಡು. ಮೂರು ದಾಳ ಉರುಳಿಸ್ತೀರ, ಒಂದು ದಾಳ 1ರಿಂದ 3 ಬಂದ್ರೆ ಬ್ಯಾಟರ್ ಕಾರ್ಡ್ ನೋಡ್ಬೇಕು, 4ರಿಂದ 6 ಬಂದ್ರೆ ಪಿಚರ್ ಅಂದ್ರೆ ಚೆಂಡು ಎಸೆಯೋನ ಕಾರ್ಡು, ಉಳಿದೆರಡು ದಾಳ ಕೂಡಿದ್ರೆ ಆ ಕಾರ್ಡಲ್ಲಿ ಯಾವ ಸಾಲು ಅಂತ ಗೊತ್ತಾಗತ್ತೆ. ಒಳ್ಳೇ ಬ್ಯಾಟರ್ ಕಾರ್ಡಲ್ಲಿ 7, 8ರ ಹತ್ರ ಹಿಟ್ (ಚೆಂಡು ಹೊಡೆದು ಬೇಸ್ ತಲುಪೋದು) ಜಾಸ್ತಿ ಇರತ್ತೆ, ಯಾಕಂದ್ರೆ ಎರಡು ದಾಳದ ಮೊತ್ತ ಜಾಸ್ತಿ ಸಲ ಬೀಳೋದೇ 7ರ ಆಸುಪಾಸು. 1999ರಲ್ಲಿ ಮಾರ್ಕಸ್ ಹೈನ್‌ಸೋನ್ ಅನ್ನೋ ಜರ್ಮನಿಯವ್ರು (ಬೇಸ್‌ಬಾಲಿಗೆ ಹೆಸರಾದ ದೇಶ ಏನಲ್ಲ ಅದು!) ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಅನ್ನೋ ಕಂಪ್ಯೂಟರ್ ಗೇಮ್ ತಂದ್ರು, ಈಗ ಬಹಳಷ್ಟು ಆನ್‌ಲೈನ್ ಲೀಗ್ ಅದರಲ್ಲೇ ನಡೆಯೋದು, ನಮ್ಮದೂ ಅದೇ. 24 ಟೀಮು, 24 ಜನ ಜಿಎಂ ಅಂದ್ರೆ ಜನರಲ್ ಮ್ಯಾನೇಜರು, ಎಲ್ಲರ ಮೇಲೆ ಒಬ್ಬ ಕಮಿಷನರು. ನಾವು ಡ್ರಾಫ್ಟ್, ಟ್ರೇಡ್, ಲೈನಪ್ ನೋಡ್ಕೋತೀವಿ, ಕಮಿಷನರ್ ವಾರಕ್ಕೆ ಮೂರು ಸಲ ಫೈಲ್ ಓಡಿಸ್ತಾನೆ, ಒಂದೊಂದು ಸಲಕ್ಕೆ ಏಳು ದಿನದ ಆಟ ಮುಗಿಯತ್ತೆ. ಡ್ರಾಫ್ಟು ಆಫ್‌ಸೀಸನ್ನು ಎಲ್ಲಾ ಸೇರಿ ನಮ್ಮ ಮೂರು ತಿಂಗಳಿಗೆ ಅಲ್ಲಿ ಒಂದು ವರ್ಷ ಕಳೆದಿರತ್ತೆ.

ಹೀಗೆ ಇಪ್ಪತ್ತು ಮೂವತ್ತು ವರ್ಷ ಓಡಿದ ಮೇಲೆ ಲೀಗಿಗೆ ಚರಿತ್ರೆ ಅಂತ ಒಂದು ಬರತ್ತೆ, ಆಗ ಯಾರೋ ಒಬ್ಬ ಕೇಳೇ ಕೇಳ್ತಾನೆ, ಹಾಲ್ ಆಫ್ ಫೇಮ್ ಬೇಡ್ವಾ? ಗೇಮ್ ತಾನಾಗೇ ವೋಟಿಂಗ್ ನಡೆಸಿ ಇಂಡಕ್ಟ್ ಮಾಡ್ಬಹುದು, ಅಥ್ವಾ ಕಮಿಷನರ್ ಕೈಯಾರೆ ಸೇರಿಸ್ಬಹುದು. ಗೇಮಿಗೆ ಬಿಟ್ರೆ ಜಗಳ ಇಲ್ಲ, ಮಜಾನೂ ಇಲ್ಲ. ಜನ ವೋಟ್ ಹಾಕ್ಬೇಕು ಅಂದ್ರೆ ನಿಯಮ ಬೇಕು, ನಿಯಮ ಬೇಕು ಅಂದ್ರೆ ಎಲ್ರೂ ಕಣ್ಣುಮುಚ್ಚಿ ಕೂಪರ್ಸ್‌ಟೌನ್ ಕಡೆ ನೋಡ್ತಾರೆ. ತಪ್ಪಾಗೋದು ಅಲ್ಲೇ.

ಕೂಪರ್ಸ್‌ಟೌನ್ ಅಂದ್ರೆ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರು, ನಿಜವಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇರೋ ಜಾಗ. 1936ರಲ್ಲಿ ಮೊದಲ ಐದು ಜನ ಆರಿಸಿ ಬಂದ್ರು, ಟೈ ಕಾಬ್, ಬೇಬ್ ರೂತ್, ಹೋನಸ್ ವ್ಯಾಗ್ನರ್, ಕ್ರಿಸ್ಟಿ ಮ್ಯಾಥ್ಯೂಸನ್, ವಾಲ್ಟರ್ ಜಾನ್ಸನ್. ಕಟ್ಟಡ ಬಾಗಿಲು ತೆಗೆದದ್ದು 1939ರಲ್ಲಿ. ವೋಟ್ ಹಾಕೋರು ಹತ್ತು ವರ್ಷ ಬೇಸ್‌ಬಾಲ್ ಬಗ್ಗೆ ಬರೆದಿರೋ ಪತ್ರಕರ್ತರು, ನೂರಕ್ಕೆ 75 ವೋಟ್ ಬಂದ್ರೆ ಒಳಗೆ. ಆಟಗಾರ ಕನಿಷ್ಠ 10 ಸೀಸನ್ ಆಡಿರ್ಬೇಕು, ರಿಟೈರ್ ಆಗಿ 5 ವರ್ಷ ಕಳೆದಿರ್ಬೇಕು, ಒಬ್ಬ ಪತ್ರಕರ್ತ ಒಂದ್ಸಲಕ್ಕೆ 10 ಹೆಸರಿಗಿಂತ ಜಾಸ್ತಿ ಗುರುತು ಹಾಕೋ ಹಾಗಿಲ್ಲ, 5 ಪರ್ಸೆಂಟ್‌ಗಿಂತ ಕಮ್ಮಿ ಬಂದ್ರೆ ಪಟ್ಟಿಯಿಂದಲೇ ಔಟು, ಉಳ್ಕೊಂಡ್ರೂ 10 ವರ್ಷ ಅಷ್ಟೇ ಅವಕಾಶ, 2014ರವರೆಗೆ ಅದು 15 ಇತ್ತು. ನಮ್ಮ ಕ್ರಿಕೆಟಲ್ಲಿ ಐಸಿಸಿ ಹಾಲ್ ಆಫ್ ಫೇಮ್ ಶುರುವಾಗಿದ್ದೇ 2009ರಲ್ಲಿ, ಕುಂಬ್ಳೆ 2015ರಲ್ಲಿ ಸೇರಿದ್ರು, ದ್ರಾವಿಡ್ 2018ರಲ್ಲಿ, ಆ ಸುದ್ದಿ ನಾವು ಓದಿ ಖುಷಿಪಟ್ಟು ಸುಮ್ನಾದ್ವಿ, ಯಾರಿಗೆ ಎಷ್ಟು ಪರ್ಸೆಂಟ್ ಬಂತು ಅಂತ ಯಾರೂ ಬಡಿದಾಡ್ಲಿಲ್ಲ. ಬೇಸ್‌ಬಾಲಲ್ಲಿ ಹಾಗಲ್ಲ. 1936ರಲ್ಲಿ ಬೇಬ್ ರೂತ್‌ಗೆ 226ರಲ್ಲಿ 215 ವೋಟ್ ಬಂತು, ಅಂದ್ರೆ ರೂತ್ ಬೇಡ ಅಂದೋರು 11 ಜನ ಇದ್ರು! ನೂರಕ್ಕೆ ನೂರು ಬಂದಿರೋದು ಇಲ್ಲಿವರೆಗೆ ಒಬ್ಬನಿಗೇ, 2019ರಲ್ಲಿ ಪಿಚರ್ ಮಾರಿಯಾನೋ ರಿವೇರಾಗೆ, 425ಕ್ಕೆ 425. ಜಪಾನಿನ ಇಚಿರೋಗೆ 2025ರಲ್ಲಿ 394ರಲ್ಲಿ 393 ಬಂತು, ಆ ಒಬ್ಬ ಯಾರಪ್ಪಾ ಅಂತ ಜನ ಇನ್ನೂ ಹುಡುಕ್ತಾ ಇದಾರೆ.

ಈಗ ಇದೇ ನಿಯಮಾನ 24 ಜನರ ಲೀಗಿಗೆ ತಂದು ಹಾಕಿ ನೋಡಿ. 394 ಜನರಲ್ಲಿ 5 ಪರ್ಸೆಂಟ್ ಅಂದ್ರೆ 20 ವೋಟು, 20 ಜನ ಒಟ್ಟಿಗೆ ತಪ್ಪು ಮಾಡೋದು ಕಷ್ಟ, ಹಾಗಾಗಿ ಅದೊಂದು ಜರಡಿ ಥರ ಕೆಲಸ ಮಾಡತ್ತೆ. (ಕಷ್ಟ ಅಂದೆ, ಆಗಲ್ಲ ಅನ್ನಲಿಲ್ಲ. 2001ರಲ್ಲಿ ಲೂ ವಿಟೇಕರ್ ಅನ್ನೋ ಅಪ್ಪಟ ಸೆಕೆಂಡ್ ಬೇಸ್‌ಮನ್‌ಗೆ 515ರಲ್ಲಿ 15 ವೋಟ್ ಬಂದು ಮೊದಲ ವರ್ಷವೇ ಹೊರಗೋದ.) 24 ಜನರಲ್ಲಿ 5 ಪರ್ಸೆಂಟ್ ಅಂದ್ರೆ 1.2, ಅಂದ್ರೆ ಎರಡು ವೋಟು. ಜಿಎಂ ತನ್ನದೊಂದು ಹಾಕ್ತಾನೆ, ದೋಸ್ತಿ ಹತ್ರ ಇನ್ನೊಂದು ಹಾಕಿಸ್ತಾನೆ, ಆಯ್ತಲ್ಲ, ಸಾಧಾರಣ ಲೆಫ್ಟ್ ಫೀಲ್ಡರೂ ಹತ್ತು ವರ್ಷ ಪಟ್ಟಿಲಿ ಕೂತಿರ್ತಾನೆ. 16 ಜನರ ಲೀಗಾದ್ರೆ ಇನ್ನೂ ಚೆಂದ, 0.8, ತನ್ನ ವೋಟ್ ಒಂದೇ ಸಾಕು. ಜರಡಿ ತೂತು ಕಲ್ಲಿಗಿಂತ ದೊಡ್ಡದಾದ್ರೆ ಜರಡಿ ಯಾಕೆ? ಅದಕ್ಕೇ ನಾವು ಅದನ್ನ ತೆಗೆದು ಕನಿಷ್ಠ 4 ವೋಟ್ ಅಂತ ಮಾಡಿದ್ವಿ. ಹಾಗೇ ರಿಟೈರ್ ಆಗಿ 5 ವರ್ಷ ಕಾಯೋದು, ನಿಜ ಜೀವನದಲ್ಲಿ ಅದು ಬೇಕು, ವಿದಾಯದ ಕಣ್ಣೀರು ಒಣಗ್ಲಿ ಅಂತ. ಸಿಮ್ಮಲ್ಲಿ ಕಣ್ಣೀರು ಹಾಕೋರು ಯಾರು? ಆದ್ರೆ ಅಲ್ಲಿ 5 ವರ್ಷ ಅಂದ್ರೆ ಇಲ್ಲಿ 15 ತಿಂಗಳು, ಅಷ್ಟರಲ್ಲಿ ಜಿಎಂಗಳು ಕೆಲಸ ಬದಲಾಯ್ತು, ಮಗು ಆಯ್ತು, ಬೇಜಾರಾಯ್ತು ಅಂತ ಲೀಗ್ ಬಿಟ್ಟು ಹೋಗಿರ್ತಾರೆ, ಆ ಆಟಗಾರನ ವಿರುದ್ಧ ಸೋತು ಹಲ್ಲು ಕಡಿದೋರು ಒಬ್ರೂ ಉಳಿದಿರಲ್ಲ. ಹಾಗಾಗಿ ನಾವು 3 ವರ್ಷಕ್ಕೆ ಇಳಿಸಿದ್ವಿ.

10 ಹೆಸರಿನ ಮಿತಿಯೂ ಅಷ್ಟೇ, ಸುಮ್ನೆ ತಂದ್ಕೊಂಡ್ರೆ ಕೈ ಸುಡತ್ತೆ. 2013ರಲ್ಲಿ ಕೂಪರ್ಸ್‌ಟೌನ್ ಪಟ್ಟಿಲಿ ಅರ್ಹರು ಎಷ್ಟು ಜನ ತುಂಬ್ಕೊಂಡಿದ್ರು ಅಂದ್ರೆ ವೋಟೆಲ್ಲಾ ಹಂಚಿಹೋಗಿ, ಅದರ ಮೇಲೆ ಸ್ಟೆರಾಯ್ಡ್ ಜಗಳ ಬೇರೆ ಸೇರಿ, ಪತ್ರಕರ್ತರು ಒಬ್ಬನನ್ನೂ ಆರಿಸ್ಲಿಲ್ಲ. ಮರುವರ್ಷ ಕ್ರೇಗ್ ಬಿಜಿಯೋ 74.8 ಪರ್ಸೆಂಟಿಗೆ ನಿಂತೋದ, ಎರಡೇ ಎರಡು ವೋಟ್ ಕಮ್ಮಿ. 2015ರಲ್ಲಿ ಹೋದ ಅನ್ನಿ. ನಮ್ಮಂಥ ಲೀಗಲ್ಲಿ ಮಿತಿ ಇಲ್ದೇ ಪ್ರತಿ ಹೆಸರಿನ ಮುಂದೆ ಹೌದು ಇಲ್ಲ ಅಂತ ಬರೆಸೋದೇ ವಾಸಿ. ಒಬ್ಬನ ಅರ್ಹತೆ ಪಕ್ಕದ ಹೆಸರಿನ ಮೇಲೆ ಯಾಕೆ ನಿಲ್ಬೇಕು?

ಇನ್ನು ಸ್ವಜನ ಪಕ್ಷಪಾತ. ಪತ್ರಕರ್ತನಿಗೆ ಆಟಗಾರ ಮನೆಯವನಲ್ಲ, ಜಿಎಂಗೆ ಮನೆಮಗ. ಹದಿನೆಂಟು ವರ್ಷದ ಹುಡುಗನ್ನ ಡ್ರಾಫ್ಟ್ ಮಾಡಿ, ಮೈನರ್ ಲೀಗಲ್ಲಿ ಬೆಳೆಸಿ, ಸಿಮ್ ಫೈಲ್ ಬಂದ ಕೂಡ್ಲೇ ಅವನ ಸ್ಕೋರೇ ಮೊದ್ಲು ನೋಡಿರ್ತಾನೆ, ವೋಟ್ ಹಾಕ್ದೇ ಇರ್ತಾನಾ? ಇದು ನಮ್ಮ ಕಾಯಿಲೆ ಮಾತ್ರ ಅನ್ಕೋಬೇಡಿ. ಕೂಪರ್ಸ್‌ಟೌನಲ್ಲಿ ಪತ್ರಕರ್ತರು ಬಿಟ್ಟೋರನ್ನ ಮತ್ತೆ ನೋಡೋಕೆ ಸಣ್ಣ ಕಮಿಟಿಗಳಿವೆ. 1970ರ ದಶಕದಲ್ಲಿ ಆ ಕಮಿಟಿಲಿ ಹಳೇ ಆಟಗಾರರಾದ ಫ್ರ್ಯಾಂಕಿ ಫ್ರಿಶ್, ಬಿಲ್ ಟೆರ್ರಿ ಇಬ್ರೂ ಕೂತಿದ್ರು, ಅವ್ರ ಜತೆ ಆಡಿದ ಜೆಸ್ ಹೇನ್ಸ್, ಚಿಕ್ ಹೇಫಿ, ಜಾರ್ಜ್ ಕೆಲಿ ಒಬ್ಬೊಬ್ರಾಗಿ ಒಳಗೆ ಬಂದ್ರು, ಇವತ್ತಿಗೂ ಹಾಲಲ್ಲಿ ಅತೀ ದುರ್ಬಲರು ಯಾರು ಅಂದ್ರೆ ಆ ಹೆಸರೇ ಬಾಯಿಗೆ ಬರೋದು. 2018ರ ಡಿಸೆಂಬರಲ್ಲಿ ಹೆರಾಲ್ಡ್ ಬೇನ್ಸ್‌ಗೆ ಕಮಿಟಿಯ 16ರಲ್ಲಿ ಸರಿಯಾಗಿ 12 ವೋಟ್ ಬಂತು, ಆ 16 ಜನರಲ್ಲಿ ಅವನ ಹಳೇ ಟೀಮ್ ವೈಟ್ ಸಾಕ್ಸ್ ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ ಇದ್ರು, ಹಳೇ ಮ್ಯಾನೇಜರ್ ಟೋನಿ ಲಾ ರೂಸಾನೂ ಇದ್ರು. ಬೇನ್ಸ್ ಒಳ್ಳೇ ಬ್ಯಾಟರ್ರೇ, 2,866 ಹಿಟ್ ಇದೆ, ಆದ್ರೆ ಬೇರೆ ಹದಿನಾರು ಜನ ಕೂತಿದ್ರೆ? ಇದನ್ನೆಲ್ಲಾ ಉದಾಹರಣೆ ಕೊಟ್ಟು, ಎರಡು ಸೀಸನ್ ಹಿಂದೆ ನಾನೇ ನಮ್ಮ ಲೀಗಲ್ಲಿ ಒಂದು ನಿಯಮ ತಂದೆ, ಆಟಗಾರ ಯಾವ ಟೀಮಿಂದ ರಿಟೈರ್ ಆದ್ನೋ ಆ ಜಿಎಂ ಅವನಿಗೆ ವೋಟ್ ಹಾಕೋ ಹಾಗಿಲ್ಲ, ಅವನೊಬ್ಬನ ಲೆಕ್ಕಕ್ಕೆ ಆ ಜಿಎಂ ಬ್ಯಾಲಟ್ಟೇ ಇಲ್ಲ ಅಂತ ತಿಳ್ಕೋಬೇಕು. ಎಲ್ರೂ ಭೇಷ್ ಅಂದ್ರು. ನಾನೂ ಕಾಲರ್ ಎತ್ಕೊಂಡೆ.

ಸರಿ, ವೋಟ್ ಹೇಗೆ ಅನ್ನೋದಾಯ್ತು, ಯಾರಿಗೆ ಅನ್ನೋದು ಇದಕ್ಕಿಂತ ಕಷ್ಟ. ನಿಜವಾದ ಬೇಸ್‌ಬಾಲಲ್ಲಿ ಹಳೇ ಪತ್ರಕರ್ತ ಅಂತಾನೆ, ಅಂಕಿ ಬಿಡಯ್ಯಾ, ನಾನು ಕಣ್ಣಾರೆ ನೋಡಿದೀನಿ, ಅವನು ಬ್ಯಾಟ್ ಹಿಡಿದು ಬಂದ್ರೆ ಸ್ಟೇಡಿಯಂ ಗಪ್‌ಚಿಪ್ ಆಗ್ತಿತ್ತು ಅಂತ. ಸಿಮ್ಮಲ್ಲಿ ಕಣ್ಣಾರೆ ನೋಡಿದೋರು ಯಾರೂ ಇಲ್ಲ, ಇರೋದೇ ಅಂಕಿ. ಆದ್ರೆ ಬರೀ ಅಂಕಿ ನೋಡಿದ್ರೆ ಮೋಸ ಹೋಗ್ತೀರ. 1930ರಲ್ಲಿ ನ್ಯಾಷನಲ್ ಲೀಗಿನ ಎಲ್ಲಾ ಆಟಗಾರರದ್ದೂ, ಬ್ಯಾಟ್ ಹಿಡಿಯೋಕೆ ಬರ್ದಿರೋ ಪಿಚರ್‌ಗಳದ್ದೂ ಸೇರ್ಸಿ, ಬ್ಯಾಟಿಂಗ್ ಸರಾಸರಿ (ಕ್ರಿಕೆಟ್ ಥರ ಅಲ್ಲ, ಬ್ಯಾಟ್ ಮಾಡಿದ ಸಲಗಳಲ್ಲಿ ಎಷ್ಟು ಪಾಲು ಹಿಟ್ ಅನ್ನೋ ಲೆಕ್ಕ) 0.303. 1968ರಲ್ಲಿ ಅಮೆರಿಕನ್ ಲೀಗಲ್ಲಿ ಬ್ಯಾಟಿಂಗ್ ಚಾಂಪಿಯನ್ ಆದ ಕಾರ್ಲ್ ಯಸ್ಟ್ರೆಮ್‌ಸ್ಕಿ ಸರಾಸರಿ 0.301! ಒಂದು ಕಾಲದ ಚಾಂಪಿಯನ್ನು ಇನ್ನೊಂದು ಕಾಲದ ಸರಾಸರಿ ಮನುಷ್ಯನಿಗಿಂತ ಕೆಳಗೆ. ಅದೇ 1968ರಲ್ಲಿ ಬಾಬ್ ಗಿಬ್ಸನ್ ಅನ್ನೋ ಪಿಚರ್ 9 ಇನ್ನಿಂಗ್ಸಿಗೆ ಸರಾಸರಿ 1.12 ರನ್ ಮಾತ್ರ ಕೊಟ್ಟ, ಬ್ಯಾಟರ್‌ಗಳ ಪಾಡು ನೋಡಕ್ಕಾಗ್ದೇ ಮರುವರ್ಷ ಪಿಚರ್ ನಿಂತ್ಕೊಳ್ಳೋ ಮಣ್ಣಿನ ದಿಬ್ಬಾನ 15 ಇಂಚಿಂದ 10 ಇಂಚಿಗೆ ಇಳಿಸಿದ್ರು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ 1983ರ ವಿಶ್ವಕಪ್ ಫೈನಲಲ್ಲಿ 183 ಹೊಡೆದು ಗೆದ್ವಿ, ಇವತ್ತು 183 ಅಂದ್ರೆ ಇಪ್ಪತ್ತು ಓವರಲ್ಲೇ ಹೊಡೆದುಬಿಡ್ತಾರೆ.

ಸಿಮ್ ಲೀಗಲ್ಲಿ ಈ ದಿಬ್ಬ ಇಳಿಸೋ ಕೆಲಸ ಇನ್ನೂ ಸುಲಭ, ಕಮಿಷನರ್ ಸೆಟಿಂಗಲ್ಲಿ ಒಂದು ಅಂಕಿ ಬದಲಾಯಿಸಿದ್ರೆ ಸಾಕು ಹೋಂ ರನ್ (ನಮ್ಮ ಸಿಕ್ಸರ್ ಥರ) ಮಳೆ. ಗೇಮಿನ ಹೊಸ ವರ್ಶನ್ ವರ್ಷವರ್ಷ ಬರತ್ತೆ, ಅದಕ್ಕೆ ಲೀಗ್ ದಾಟಿಸಿದ್ರೆ ಪಿಚರ್‌ಗಳ ದಮ್ಮು, ಗಾಯ ಆಗೋ ರೀತಿ ಎಲ್ಲಾ ಸ್ವಲ್ಪ ಸ್ವಲ್ಪ ಬದಲಾಗಿರತ್ತೆ. ಹಾಗಾಗಿ ಯಾವ ಆಟಗಾರನನ್ನೂ ಅವನ ಕಾಲದ ಸರಾಸರಿ ಜತೆಗೇ ಅಳೀಬೇಕು. ಅದಕ್ಕೆ ಬ್ಯಾಟರಿಗೆ ಓಪಿಎಸ್ ಪ್ಲಸ್, ಪಿಚರಿಗೆ ಇಆರ್‌ಎ ಪ್ಲಸ್ ಅಂತ ಅಳತೆ ಇದಾವೆ, 100 ಅಂದ್ರೆ ಲೀಗಿನ ಸರಾಸರಿ, 140 ಅಂದ್ರೆ ಸರಾಸರಿಗಿಂತ ಬಹಳ ಮೇಲೆ. ಗಿಬ್ಸನ್‌ದು 1968ರಲ್ಲಿ ಇಆರ್‌ಎ ಪ್ಲಸ್ 258, ಬ್ಯಾಟರ್‌ಗಳು ಒದ್ದಾಡಿದ ವರ್ಷ ಅಂತ ಲೆಕ್ಕ ಕಳೆದ ಮೇಲೂ ಅವನು ಬೇರೇನೇ ಲೆವೆಲ್ಲು ಅಂತ ಇದರಿಂದ ಗೊತ್ತಾಗತ್ತೆ. ಇದರಲ್ಲಿ ಮೈದಾನದ ಲೆಕ್ಕಾನೂ ಸೇರಿರತ್ತೆ. ಕಂಪನಿ ಕೆಲಸಕ್ಕೆ ಅಂತ ಸ್ವಲ್ಪ ದಿನ ಡೆನ್ವರಲ್ಲಿದ್ದಾಗ ಕೂರ್ಸ್ ಫೀಲ್ಡಿಗೆ ಹೋಗಿದ್ದೆ, ಮೇಲಿನ ಸ್ಟ್ಯಾಂಡಲ್ಲಿ ಹಸಿರು ಸೀಟ್‌ಗಳ ಮಧ್ಯೆ ಒಂದೇ ಒಂದು ಸಾಲು ನೇರಳೆ ಬಣ್ಣ, ಏನು ಅಂದ್ರೆ ಆ ಸಾಲು ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ ಎತ್ತರ, 5,280 ಅಡಿ. ಗಾಳಿ ತೆಳು, ಚೆಂಡು ಹಕ್ಕಿ ಹಾಗೆ ಹೋಗತ್ತೆ. ಅಲ್ಲಿ ಆಡಿದ ಲ್ಯಾರಿ ವಾಕರನ್ನ ಜನ ನಂಬ್ಲೇ ಇಲ್ಲ, ಅಯ್ಯೋ ಅದು ಮೈದಾನದ ಮಹಿಮೆ ಅಂದ್ರು, 2014ರಲ್ಲಿ ಬರೀ 10.2 ಪರ್ಸೆಂಟ್. ಆಮೇಲೆ ಮೈದಾನದ ಲೆಕ್ಕ ಕಳೆದು ನೋಡೋದು ಜನಕ್ಕೆ ಅಭ್ಯಾಸ ಆಯ್ತು, ಕಳೆದ್ರೂ ಅವನು ದೊಡ್ಡವನೇ ಅಂತ ಒಪ್ಪಿದ್ರು, 2020ರಲ್ಲಿ ಹತ್ತನೇ ಹಾಗೂ ಕೊನೇ ಅವಕಾಶದಲ್ಲಿ 76.6. ನಮ್ಮ ಲೀಗಲ್ಲೂ ಎರಡು ಮೈದಾನ ಹಾಗಿವೆ, ಅಲ್ಲಿ ಆಡಿದೋರ ಹೋಂ ರನ್ ಸಂಖ್ಯೆ ನೋಡಿದ್ರೆ ಪೂರ್ತಿ ನಂಬೋಕಾಗಲ್ಲ.

ಎಲ್ಲಾ ಸೇರಿಸಿ ಒಂದೇ ಅಂಕಿ ಬೇಕು ಅನ್ನೋರಿಗೆ ವಾರ್ ಇದೆ. ವಾರ್ ಅಂದ್ರೆ ಯುದ್ಧ ಅಲ್ಲ, ಸೋಮವಾರ ಮಂಗಳವಾರನೂ ಅಲ್ಲ, ಈ ಆಟಗಾರನ ಜಾಗದಲ್ಲಿ ಸುಲಭಕ್ಕೆ ಸಿಗೋ ಒಬ್ಬ ಅಲ್ಪಸ್ವಲ್ಪ ಆಡೋನನ್ನ ನಿಲ್ಲಿಸಿದ್ರೆ ಟೀಮು ಎಷ್ಟು ಪಂದ್ಯ ಜಾಸ್ತಿ ಸೋಲ್ತಿತ್ತು ಅನ್ನೋ ಲೆಕ್ಕ. ಬ್ಯಾಟಿಂಗ್, ಓಟ, ಫೀಲ್ಡಿಂಗ್ ಎಲ್ಲಾ ಅದರಲ್ಲಿ. ಬೇನ್ಸ್‌ದು ವೃತ್ತಿ ಪೂರ್ತಿ 39ರ ಹತ್ರ, ಹೋಂ ರನ್ ದಾಖಲೆ ಇರೋ ಬ್ಯಾರಿ ಬಾಂಡ್ಸ್‌ದು 160 ದಾಟಿದೆ. ಆದ್ರೆ ವಾರ್ ಕೂಡಾ ಕೂಡಿಸೋ ಅಂಕಿ ತಾನೇ, ಇಪ್ಪತ್ತು ವರ್ಷ ಸುಮ್ನೆ ಆಡ್ತಾ ಹೋದ್ರೂ ಜಮಾ ಆಗತ್ತೆ. ಅದಕ್ಕೆ ಜೇ ಜಾಫಿ ಅನ್ನೋರು ಒಂದು ಉಪಾಯ ಮಾಡಿದ್ರು, ಜಾಸ್ ಅಂತಾರೆ, ಪೂರ್ತಿ ವೃತ್ತಿಯ ವಾರ್ ಒಂದು ಕಡೆ, ಅತ್ಯುತ್ತಮ 7 ವರ್ಷಗಳ ವಾರ್ ಇನ್ನೊಂದು ಕಡೆ, ಎರಡರ ಸರಾಸರಿ. ಲೆಕ್ಕಕ್ಕೆ ಅಂತ ಇಬ್ರನ್ನ ತಗೊಳ್ಳಿ, ಒಬ್ಬನಿಗೆ ಒಟ್ಟು 62, ಒಳ್ಳೇ 7 ವರ್ಷದ್ದು 34, ಸರಾಸರಿ 48. ಇನ್ನೊಬ್ಬನಿಗೆ ಒಟ್ಟು 52 ಅಷ್ಟೇ, ಆದ್ರೆ 7 ವರ್ಷದಲ್ಲೇ 46, ಸರಾಸರಿ 49. ನಿಧಾನಕ್ಕೆ ಉರಿದ ಹಣತೆಗಿಂತ ಭಗ್ ಅಂತ ಹತ್ತಿದ ಪಂಜು ಒಂದು ಕೂದಲು ಮೇಲೆ. ಸ್ಯಾಂಡಿ ಕೌಫ್ಯಾಕ್ಸ್ ಅನ್ನೋ ಪಿಚರ್ ಹಾಗೇ, ಮೊಣಕೈ ಸಂಧಿವಾತ ತಾಳಕ್ಕಾಗ್ದೇ 1966ರಲ್ಲಿ ಮೂವತ್ತನೇ ವಯಸ್ಸಿಗೇ ನಿಲ್ಸಿದ, ಗೆಲುವು 165 ಮಾತ್ರ, ಆದ್ರೆ ಕೊನೇ ನಾಲ್ಕು ವರ್ಷದಲ್ಲಿ ವರ್ಷದ ಬೆಸ್ಟ್ ಪಿಚರಿಗೆ ಕೊಡೋ ಸೈ ಯಂಗ್ ಪ್ರಶಸ್ತಿ ಮೂರು ಸಲ, 1972ರಲ್ಲಿ ಮೊದಲ ಸಲಕ್ಕೇ ಒಳಗೆ. ಸಿಮ್ಮಲ್ಲಿ ಪಿಚರ್‌ಗಳ ಮೊಣಕೈ ಹೋಗೋದು ದಿನಾ ನಡೆಯೋ ಕಥೆ, ಹಾಗಾಗಿ ಕೌಫ್ಯಾಕ್ಸ್ ಥರದೋರಿಗೆ ಏನ್ ಮಾಡೋದು ಅಂತ ಲೀಗ್ ಮೊದ್ಲೇ ತೀರ್ಮಾನ ಮಾಡ್ಕೊಂಡಿರ್ಬೇಕು, ಆಮೇಲೆ ಅಲ್ಲ.

ಇಲ್ಲಿವರೆಗೆ ಹೇಳಿದ್ದೆಲ್ಲಾ ನಿಜವಾದ ಬೇಸ್‌ಬಾಲಲ್ಲೂ ಇರೋ ತಲೆನೋವೇ. ಸಿಮ್‌ಗೇ ಅಂತ ಒಂದು ತಲೆನೋವಿದೆ, ನನಗೆ ಅತಿ ಇಷ್ಟವಾದ ಜಗಳ ಅದು. ಇಲ್ಲಿ ಪ್ರತಿ ಆಟಗಾರನಿಗೂ ಒಳಗೆ ರೇಟಿಂಗ್ ಇರತ್ತೆ, 20ರಿಂದ 80ರವರೆಗೆ, ಪವರ್ ಇಷ್ಟು, ಚೆಂಡು ಗುರುತಿಸೋ ಕಣ್ಣು ಇಷ್ಟು, ಅಂತ. ಅಂದ್ರೆ ದೇವರ ಲೆಡ್ಜರ್ ನಮ್ಮ ಕೈಲಿದೆ! ನಮ್ಮ ಲೀಗಲ್ಲಿ ಒಬ್ಬ ಪಿಚರ್ ಇದ್ದ, ರೇಟಿಂಗ್ ನೋಡಿದ್ರೆ ಲೀಗ್ ಚರಿತ್ರೆಲೇ ಮೊದಲ ಮೂರರಲ್ಲಿ ಬರ್ಬೇಕು, ಆದ್ರೆ ಎಂಟು ವರ್ಷ ಅವನ ಹಿಂದೆ ಕೈಲಿ ಎಣ್ಣೆ ಹಚ್ಕೊಂಡಂಥ ಫೀಲ್ಡರ್‌ಗಳು, ಅದರ ಮೇಲೆ ಗ್ರಹಚಾರ, ಅಂಕಿ ಸುಮಾರು. ಅವನ ಜಿಎಂ ಬರೆದ, ನಿಜವಾದ ಸಾಮರ್ಥ್ಯ ನೋಡಿ ವೋಟ್ ಹಾಕಿ, ದಾಳ ಕೈಕೊಟ್ರೆ ಅವನೇನ್ ಮಾಡ್ತಾನೆ ಅಂತ. ವಾದ ಚೆನ್ನಾಗೇ ಇದೆ, ನಾನು ಒಪ್ಪಲಿಲ್ಲ. ರೇಟಿಂಗ್ ಅನ್ನೋದು ಏನಾಗ್ಬೇಕಿತ್ತು ಅನ್ನೋದು, ಹಾಲ್ ಆಫ್ ಫೇಮ್ ಇರೋದು ಏನಾಯ್ತು ಅನ್ನೋದಕ್ಕೆ. ರೇಟಿಂಗೇ ಸಾಕು ಅಂದ್ರೆ ಸಿಮ್ ಓಡಿಸೋದ್ಯಾಕೆ, ಡ್ರಾಫ್ಟ್ ದಿನವೇ ಫಲಕ ಕೆತ್ತಿಸ್ಬಿಡೋಣ.

ಇದೇ ವಾದ ತಿರುಗಿಸಿ ನನ್ನ ಮೇಲೂ ಬರತ್ತೆ. ವರ್ಲ್ಡ್ ಸೀರೀಸ್ ಅಂದ್ರೆ ಸೀಸನ್ನಿನ ಫೈನಲ್ ಸರಣಿ, ಅದರ ಏಳನೇ ಪಂದ್ಯದಲ್ಲಿ ಒಬ್ಬ ಹೋಂ ರನ್ ಹೊಡೆದ ಅಂದ್ರೆ ಸಿಮ್ಮಲ್ಲಿ ಅದಕ್ಕೆ ಧೈರ್ಯ ಗೀರ್ಯ ಅಂತ ಏನಿಲ್ಲ, ದಾಳ ಬಿತ್ತು ಅಷ್ಟೇ, ಅದಕ್ಕೆ ಮಾರ್ಕ್ಸ್ ಕೊಡ್ಬೇಕಾ? ನಾನು ಕೊಡ್ತೀನಿ. ಬಿಲ್ ಮ್ಯಾಝರಾಸ್ಕಿ ಬ್ಯಾಟಿಂಗ್ ಸರಾಸರಿಗಿಂತ ಕೆಳಗಿತ್ತು, ಕೈಚಳಕ ಎಲ್ಲಾ ಫೀಲ್ಡಿಂಗಲ್ಲಿ, ಆದ್ರೆ 1960ರ ಏಳನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸಲ್ಲಿ ಹೊಡೆದ ಹೋಂ ರನ್ನಿಂದ ಪಿಟ್ಸ್‌ಬರ್ಗ್ ಯಾಂಕೀಸನ್ನ ಸೋಲಿಸ್ತು, 2001ರಲ್ಲಿ ಕಮಿಟಿ ಅವನನ್ನ ಸೇರಿಸ್ತು, ಅವನ ಹೆಸರಿಲ್ದೇ ಆಟದ ಕಥೆ ಹೇಳಕ್ಕಾಗಲ್ಲ. ಬಿಲ್ ಜೇಮ್ಸ್ ಅನ್ನೋ ಅಂಕಿಅಂಶದ ಗುರುಗಳು ಕೆನ್ ಕೆಲ್ಟ್‌ನರ್ ಅನ್ನೋ ಥರ್ಡ್ ಬೇಸ್‌ಮನ್ ಹೆಸರಲ್ಲಿ 15 ಪ್ರಶ್ನೆ ಮಾಡಿಟ್ಟಿದಾರೆ. ಈ ಕೆಲ್ಟ್‌ನರ್ ಯಾರಂದ್ರೆ 1941ರ ಜುಲೈ 17ರಂದು ಕ್ಲೀವ್‌ಲ್ಯಾಂಡಲ್ಲಿ ಎರಡು ಸಲ ಕೈ ತಿರುಗಿಸಿ ಚೆಂಡು ಹಿಡಿದು ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೀತಾ ಬಂದಿದ್ದ ಜೋ ಡಿಮ್ಯಾಜಿಯೋನ ಓಟ ನಿಲ್ಲಿಸಿದೋನು. ಅವನ ಕಾಲದಲ್ಲಿ ಯಾರಾದ್ರೂ ಅವನೇ ಆಟದಲ್ಲಿ ಬೆಸ್ಟು ಅಂದಿದ್ರಾ, ಅವನ ಟೀಮಲ್ಲಾದ್ರೂ ಅವನೇ ಬೆಸ್ಟಾಗಿದ್ನಾ, ಈ ಥರ ಪ್ರಶ್ನೆಗಳು. ಉತ್ತರ ಕೂಡಿಸಿ ಮಾರ್ಕ್ಸ್ ಹಾಕೋದಕ್ಕಲ್ಲ, ಯೋಚನೆ ಮಾಡ್ಲಿ ಅಂತ. ಸಿಮ್ ಲೀಗಿಗೆ ಇದಕ್ಕಿಂತ ಒಳ್ಳೇ ಸಾಧನ ನಾನು ನೋಡಿಲ್ಲ, ಬ್ಯಾಲಟ್ ಜತೆ ಇದನ್ನೂ ಕಳಿಸ್ತೀವಿ, ಅರ್ಧ ಜನ ಓದಲ್ಲ ಅದು ಬೇರೆ ಮಾತು.

ಲೀಗ್ ಶುರುವಾದಾಗ ಇದ್ದೋರ ಸಮಸ್ಯೆ ಬೇರೆ. ಮೊದಲ ದಿನ ಕಂಪ್ಯೂಟರ್ ಎಲ್ಲಾ ವಯಸ್ಸಿನ ಆಟಗಾರರನ್ನ ಹುಟ್ಟಿಸಿತ್ತಲ್ಲ, ಅವತ್ತೇ 34 ವಯಸ್ಸಾಗಿದ್ದೋನು ನಾಲ್ಕೇ ವರ್ಷ ಆಡಿದ, ನಾಲ್ಕರಲ್ಲೂ ಅವನೇ ರಾಜ, ಅದಕ್ಕೆ ಮುಂಚಿನ ಹನ್ನೆರಡು ವರ್ಷ ಇಲ್ಲವೇ ಇಲ್ಲ. ಹತ್ತು ಸೀಸನ್ ನಿಯಮ ಹಾಕಿದ್ರೆ ಅವನು ಔಟು. ಸ್ಯಾಚೆಲ್ ಪೇಜ್ ನೆನಪಾಗ್ತಾನೆ, ಕಪ್ಪು ಜನರಿಗೆ ಮೇಜರ್ ಲೀಗ್ ಬಾಗಿಲು ಮುಚ್ಚಿದ್ದಕ್ಕೆ ಅವನು ಅಲ್ಲಿಗೆ ಬಂದಿದ್ದೇ 1948ರಲ್ಲಿ, 42ನೇ ವಯಸ್ಸಲ್ಲಿ, ಕಪ್ಪು ಆಟಗಾರರ ನೀಗ್ರೋ ಲೀಗ್‌ಗಳಿಗೆ ಅಂತಲೇ ಬೇರೆ ಕಮಿಟಿ ಮಾಡಿ 1971ರಲ್ಲಿ ಸೇರಿಸ್ಕೊಂಡ್ರು. ಅಲ್ಲಿ ಆದದ್ದು ಅನ್ಯಾಯ, ಇಲ್ಲಿ ಆಗೋದು ಬರೀ ಫೈಲ್ ಶುರುವಾದ ದಿನಾಂಕ, ಎರಡನ್ನೂ ಒಂದೇ ತಕ್ಕಡಿಲಿ ಇಡ್ತಿಲ್ಲ ನಾನು. ಆದ್ರೆ ನಿಯಮಕ್ಕೆ ಒಂದು ಕಿಟಕಿ ಇಡ್ಬೇಕು ಅನ್ನೋ ಪಾಠ ಅಲ್ಲಿಂದಲೇ. ಆ್ಯಡಿ ಜಾಸ್ ಅನ್ನೋ ಪಿಚರ್ ಒಂಬತ್ತೇ ಸೀಸನ್ ಆಡಿ 1911ರಲ್ಲಿ ತೀರ್ಕೊಂಡ, 1978ರಲ್ಲಿ ಹತ್ತರ ನಿಯಮ ಬಿಟ್ಟು ಅವನನ್ನ ತಗೊಂಡ್ರು. ನಾವೂ ಮೊದಲ ತಲೆಮಾರಿಗೆ ಅಂತ ಒಂದೇ ಒಂದು ಸಲ ಐದು ಜನರ ಕಮಿಟಿ ಮಾಡಿ ಮೂವರನ್ನ ಸೇರಿಸಿ ಬಾಗಿಲು ಹಾಕಿದ್ವಿ.

ಗೆದ್ದೋರಿಗೆ ಫಲಕ ಬರೀಬೇಕು. ಕೂಪರ್ಸ್‌ಟೌನಲ್ಲಿ ಕಂಚಿನ ಫಲಕ, ಮುಖ, ತಲೆಮೇಲೆ ಯಾವುದೋ ಟೀಮಿನ ಟೋಪಿ, ಆ ಟೋಪಿಗೂ ಜಗಳ. 2010ರಲ್ಲಿ ಆಂಡ್ರೆ ಡಾಸನ್ ಕಬ್ಸ್ ಟೋಪಿ ಬೇಕು ಅಂದ್ರೂ ಹಾಲ್‌ನವ್ರು ಎಕ್ಸ್‌ಪೋಸ್ ಟೋಪಿ ಹಾಕಿದ್ರು, 2014ರಲ್ಲಿ ಗ್ರೆಗ್ ಮ್ಯಾಡಕ್ಸ್ ಯಾವ ಚಿಹ್ನೆನೂ ಬೇಡ ಅಂತ ಬೋಳು ಟೋಪಿ ಹಾಕಿಸ್ಕೊಂಡ. ಸಿಮ್ಮಲ್ಲಿ ಆಟಗಾರನ್ನ ಕೇಳಕ್ಕಾಗಲ್ಲ, ಹಾಗಾಗಿ ಜಿಎಂಗಳು ಕಿತ್ತಾಡ್ತಾರೆ, ಬೆಳೆಸಿದೋನು ನಾನು ಅಂತ ಒಬ್ಬ, ಕಪ್ ಗೆದ್ದದ್ದು ನನ್ನ ಜತೆ ಅಂತ ಇನ್ನೊಬ್ಬ. ನಮ್ಮಲ್ಲಿ ಫಲಕ ಅಂದ್ರೆ ಆರು ಸಾಲು. ಹೋಂ ರನ್ ಇಷ್ಟು, ಹಿಟ್ ಇಷ್ಟು ಅಂತ ಬರೆದ್ರೆ ಅದನ್ನ ಯಾರೂ ಓದಲ್ಲ. ಹಳೇ ಬಾಕ್ಸ್ ಸ್ಕೋರ್ ಅಂದ್ರೆ ಪಂದ್ಯದ ಸ್ಕೋರ್‌ಕಾರ್ಡ್‌ಗಳನ್ನ ತೆಗೆದು ಕೂತ್ರೆ ಏನೇನೋ ಸಿಗತ್ತೆ, ಒಂದು ಸೆಪ್ಟೆಂಬರಲ್ಲಿ ಹನ್ನೊಂದು ಪಂದ್ಯ ಸತತ ಹಿಟ್, ಹನ್ನೆರಡನೇ ದಿನ ಗಾಯ, ಆ ಗಾಯದಿಂದ ಟೀಮಿಗೆ ಒಂದೇ ಪಂದ್ಯದ ಅಂತರದಲ್ಲಿ ಪ್ಲೇಆಫ್ ಕೈತಪ್ತು, ಹೀಗೆ. ಅದನ್ನ ಬರೆದ ಕೂಡ್ಲೇ ಅಂಕಿಗೆ ಮೂಗು ಬಾಯಿ ಬರತ್ತೆ, ಹಳೇ ಜಿಎಂ ಬಂದು ಹೌದು ಮಾರಾಯ ಆ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿ ಮಲ್ಕೊಂಡೆ ಅಂತಾನೆ.

ಆ ಸೆಪ್ಟೆಂಬರ್ ಯಾರದ್ದು ಅಂದ್ರೆ ಮೊದ್ಲೇ ಹೇಳಿದ್ನಲ್ಲ, ನಾನು ವೋಟ್ ಹಾಕೋ ಹಾಗಿಲ್ದೇ ಇದ್ದ ಒಬ್ಬ, ಅವನದ್ದು. ಶಾರ್ಟ್‌ಸ್ಟಾಪು, ಅಂದ್ರೆ ಎರಡನೇ ಮೂರನೇ ಬೇಸ್ ಮಧ್ಯೆ ನಿಲ್ಲೋ ಫೀಲ್ಡರ್. ಎಂವಿಪಿ ಅಂದ್ರೆ ವರ್ಷದ ಬೆಸ್ಟ್ ಆಟಗಾರ ಪ್ರಶಸ್ತಿ ಒಂದೂ ಇಲ್ಲ, ಒಟ್ಟು ಹಿಟ್ ಸುಮಾರು, ಆದ್ರೆ ಫೀಲ್ಡಿಂಗಲ್ಲಿ ಅವನ ಸಮ ನಮ್ಮ ಲೀಗಲ್ಲಿ ಇನ್ನೊಬ್ಬ ಬಂದಿಲ್ಲ. ಅವನನ್ನ ಡ್ರಾಫ್ಟ್ ಮಾಡಿದ್ದು ನನಗಿಂತ ಮುಂಚೆ ಈ ಟೀಮ್ ನೋಡ್ಕೋತಿದ್ದ ಜಿಎಂ, ಅವನು ಲೀಗ್ ಬಿಟ್ಟು ಹೋಗಿ ಎಷ್ಟೋ ಕಾಲ ಆಯ್ತು, ಹಾಗಾಗಿ ಅವನಿಗೆ ವೋಟಿಲ್ಲ. ಆಮೇಲೆ ಆರು ಸೀಸನ್ ನನ್ನ ಹತ್ರ ಆಡಿ ರಿಟೈರ್ ಆದ, ಹಾಗಾಗಿ ನನ್ನದೇ ನಿಯಮದ ಪ್ರಕಾರ ನನಗೂ ಇಲ್ಲ. ಅವನ ಫಲಕದ ಆರು ಸಾಲು ಬರೆದು ಇಟ್ಕೊಂಡೇ ರಿಸಲ್ಟ್ ನೋಡ್ದೆ. ನನ್ನ ಬಿಟ್ಟು 23 ಜನ, 75 ಪರ್ಸೆಂಟ್ ಅಂದ್ರೆ 17.25, ಅಂದ್ರೆ 18 ಬೇಕು. ಬಂದಿದ್ದು 17. ನಾನು ಆ ನಿಯಮ ತರ್ದೇ ಇದ್ದಿದ್ರೆ 24ರಲ್ಲಿ 18, ಸರಿಯಾಗಿ ಮುಕ್ಕಾಲು.

ಮುಂದಿನ ಬ್ಯಾಲಟ್‌ಗೆ ಇನ್ನೂ ಎರಡು ತಿಂಗಳಿದೆ. ಕಮಿಷನರ್ ಬೇಕಿದ್ರೆ ನಿಯಮ ತೆಗೆಯೋಣ ಅಂದ, ನಾನೇ ತಂದು ನಾನೇ ಯಾವ ಮುಖ ಇಟ್ಕೊಂಡು ಹೂಂ ಅನ್ಲಿ, ಬೇಡ ಅಂದೆ. ಮೊನ್ನೆ ಒಬ್ಬ ಜಿಎಂ ಟೈಮಿಲ್ಲ ಅಂತ ಲೀಗ್ ಬಿಟ್ಟ. ಆ 17ರಲ್ಲಿ ಅವನೂ ಒಬ್ಬ.